ಎರಡೂವರೆ ಇಂಚು ಎತ್ತರಿಸಿದ ಪಿಕಪ್‌ಗೆ ಎಷ್ಟು ದೊಡ್ಡ ಟೈರ್ ಹಾಕಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಫೋರ್ ವೀಲ್ ಡ್ರೈವ್ ಪಿಕಪ್‌ಗೆ ಈಚೆಗೆ ಎರಡೂವರೆ ಇಂಚಿನ ಲಿಫ್ಟ್ ಕಿಟ್ ಹಾಕಿಸಿದ್ದೇನೆ. ಕಂಪನಿಯಿಂದ ಬಂದ 265/70ಆರ್17 (ಅಗಲ 265 ಮಿ.ಮೀ., ಪಕ್ಕದ ಗೋಡೆ ಅದರ ಶೇ. 70, ರಿಮ್ 17 ಇಂಚು) ಟೈರುಗಳೇ ಇನ್ನೂ ಇವೆ, ರಿಮ್ 7.5 ಇಂಚು ಅಗಲ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಕ್ಕಿದೆ ಎಂಬ ಅಳತೆ) +30. ಗಾಡಿ ಎತ್ತರವಾದ ಮೇಲೆ ಈ ಚಕ್ರಗಳು ಯಾರದೋ ಗಾಡಿಯಿಂದ ಎರವಲು ತಂದಂತೆ ಕಾಣುತ್ತಿರುವುದರಿಂದ 35×12.50 ಅಳತೆಯ (35 ಇಂಚು ಎತ್ತರ, 12.50 ಇಂಚು ಅಗಲ) ಟೈರ್ ಹಾಕಿಸುವ ಆಸೆಯಾಗಿದೆ. ಕಿಟ್ ಕೂರಿಸಿದ ಗ್ಯಾರೇಜಿನವರು ಮಡ್‌ಗಾರ್ಡಿಗೂ ಟೈರಿಗೂ ನಡುವೆ ಅಂಗೈ ಇಟ್ಟು ತೋರಿಸಿ, ಇಷ್ಟು ಜಾಗ ಧಾರಾಳವಾಯಿತು ಎಂದರು. ಗೆಳೆಯರೊಬ್ಬರು ಮಾತ್ರ 285/70ಆರ್17 ದಾಟಲೇಬೇಡಿ ಎನ್ನುತ್ತಾರೆ. ರಿಮ್ಮನ್ನೂ ಬದಲಿಸುವುದಾದರೆ 17 ಇಂಚೇ ಇರಲೋ, 20ಕ್ಕೆ ಹೋಗಲೋ ಎಂಬುದೂ ತೀರ್ಮಾನವಾಗಿಲ್ಲ. ವಾರವಿಡೀ ಓಡುವುದು ಡಾಂಬರು ರಸ್ತೆಯಲ್ಲಿ. ತಿಂಗಳಿಗೊಂದೆರಡು ಸಲ ಕಲ್ಲು, ಕೆಸರಿನ ದಾರಿ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಗ್ಯಾರೇಜಿನವರು ಅಂಗೈ ಇಟ್ಟದ್ದು ನಿಂತ ಗಾಡಿಗೆ. ಟೈರ್ ಉಜ್ಜುವುದು ಹಳ್ಳಕ್ಕೆ ಬಿದ್ದ ಗಾಡಿಯಲ್ಲಿ. ಲಿಫ್ಟ್ ಕಿಟ್ ನಿಂತ ಎತ್ತರವನ್ನು ಹೆಚ್ಚಿಸುತ್ತದೆಯೇ ಹೊರತು, ಚಕ್ರ ಮೇಲೇರುವುದನ್ನು ಕೊನೆಗೆ ತಡೆಯುವ ಬಂಪ್ ಸ್ಟಾಪನ್ನೂ ಕೆಳಗಿಳಿಸದಿದ್ದರೆ, ಸ್ಪ್ರಿಂಗ್ ಪೂರ್ತಿ ಅದುಮಿದಾಗ ಚಕ್ರವು ಮೊದಲು ಎಲ್ಲಿಯವರೆಗೆ ಏರುತ್ತಿತ್ತೋ ಈಗಲೂ ಅಲ್ಲಿಯವರೆಗೇ ಏರುತ್ತದೆ. ಹಾಗಾಗಿ ಕಿಟ್ ಎಷ್ಟು ಇಂಚಿನದು ಎಂಬುದರಿಂದ ಟೈರಿನ ಅಳತೆಯನ್ನು ನಿರ್ಧರಿಸಲಾಗದು.

ಲೆಕ್ಕ ಹೀಗಿದೆ. 265/70ಆರ್17ರ ವ್ಯಾಸ ಸುಮಾರು 803 ಮಿ.ಮೀ., 285/70ಆರ್17ರದು 831, 35 ಇಂಚಿನದು 889. ಅಂದರೆ ತ್ರಿಜ್ಯದಲ್ಲಿ ಮೊದಲನೆಯ ಬದಲಾವಣೆಗೆ 14 ಮಿ.ಮೀ., ಎರಡನೆಯದಕ್ಕೆ 43 ಮಿ.ಮೀ. ಹೆಚ್ಚುವರಿ ಜಾಗ ಬೇಕು. ಆ ಜಾಗ ನಿಮ್ಮ ಗಾಡಿಯಲ್ಲಿ ಇದೆಯೇ ಎಂದು ತಿಳಿಯಲು ಮೆತ್ತನೆಯ ಜೇಡಿಮಣ್ಣು ಸಾಕು. ಮುಂಚಕ್ರದ ಹಿಂಬದಿಯಲ್ಲಿ ಬಾಡಿಯನ್ನು ಚಾಸಿಗೆ ಬಿಗಿದಿರುವ ಮೌಂಟ್ ಮೇಲೂ, ಮಡ್‌ಗಾರ್ಡಿನ ಒಳಗೆ ಎರಡು ಮೂರು ಕಡೆಯೂ ದಪ್ಪ ಉಂಡೆಗಳನ್ನು ಅಂಟಿಸಿ, ಒಂದು ಚಕ್ರವನ್ನು ದಿಬ್ಬದ ಮೇಲೆ ಪೂರ್ತಿ ಹತ್ತಿಸಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ನಿಧಾನವಾಗಿ ತಿರುಗಿಸಿ. ಟೈರ್ ಒತ್ತಿದ ಮೇಲೆ ಉಳಿದ ಮಣ್ಣಿನ ದಪ್ಪವೇ ನಿಮ್ಮ ಕೈಯಲ್ಲಿರುವ ಜಾಗ.

ಆಫ್‌ಸೆಟ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ನೋಟಕ್ಕೆ ಚೆನ್ನವೆಂದು 8.5 ಇಂಚು ಅಗಲದ, ಸೊನ್ನೆ ಆಫ್‌ಸೆಟ್‌ನ ರಿಮ್ ಹಾಕಿದರೆ, ಈಗಿನದಕ್ಕಿಂತ ಹೊರ ಅಂಚು ಸುಮಾರು 43 ಮಿ.ಮೀ. ಆಚೆ ಹೋಗುತ್ತದೆ, ಒಳ ಅಂಚೂ 17 ಮಿ.ಮೀ. ಹೊರಕ್ಕೇ ಸರಿಯುತ್ತದೆ. ಇದರಿಂದ ಮೇಲಿನ ಕಂಟ್ರೋಲ್ ಆರ್ಮ್‌ನ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಬಳಿ ಜಾಗ ಸಿಗುವುದು ನಿಜ. ಆದರೆ ತಿರುವಿನಲ್ಲಿ ಟೈರ್ ಇನ್ನೂ ದೊಡ್ಡ ಕಮಾನಿನಲ್ಲಿ ಸುತ್ತುವುದರಿಂದ ಅದೇ ಬಾಡಿ ಮೌಂಟಿಗೆ ಬಂದು ಬಡಿಯುತ್ತದೆ, ಹಬ್ ಬೇರಿಂಗ್ ಮೇಲಿನ ಹೊರೆಯೂ ಹೆಚ್ಚುತ್ತದೆ.

ಉತ್ತರ 2

ಮೇಲಿನವರು ಜಾಗದ ಮಾತಾಡಿದರು, ನಾನು ಎಂಜಿನ್ನಿನ ಮಾತಾಡುತ್ತೇನೆ. 35 ಇಂಚಿನ ಟೈರ್ ಈಗಿನದಕ್ಕಿಂತ ಸುಮಾರು ಶೇ. 11ರಷ್ಟು ದೊಡ್ಡದು. ಸ್ಪೀಡೋಮೀಟರ್ ಈಗ ಸರಿಯಾಗಿದೆ ಎಂದಿಟ್ಟುಕೊಂಡರೆ, ಅದು 100 ತೋರಿಸುವಾಗ ಗಾಡಿ 110ಕ್ಕಿಂತ ತುಸು ಹೆಚ್ಚೇ ಓಡುತ್ತಿರುತ್ತದೆ. ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದು) 3.73 ಇದ್ದರೆ ಅದು 3.37 ಇದ್ದಂತೆ ವರ್ತಿಸುತ್ತದೆ; ಮೊದಲಿನ ಎಳೆತ ಬೇಕೆಂದರೆ 4.10ರ ಗೇರ್ ಹಾಕಿಸಬೇಕು. ಟೈರಿಗೆಂದು ಹೊರಟವರು ಆಕ್ಸಲ್ ಬಿಚ್ಚಿ ಕೂರುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ರಿಮ್ 17 ಇಂಚಿನದೇ ಇರಲಿ. 285/70ಆರ್17ರಲ್ಲಿ ಟೈರಿನ ಪಕ್ಕದ ಗೋಡೆ ಸುಮಾರು 200 ಮಿ.ಮೀ. ಇರುತ್ತದೆ, ಹೆಚ್ಚು ಕಡಿಮೆ ಅದೇ ಎತ್ತರದ 275/60ಆರ್20ರಲ್ಲಿ 165 ಮಾತ್ರ. ಕಲ್ಲಿನ ದಾರಿಯಲ್ಲಿ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿದಾಗ ಹಿಡಿತ ಕೊಡುವುದೂ, ರಿಮ್ಮನ್ನು ಕಲ್ಲಿನಿಂದ ಕಾಯುವುದೂ ಆ ಗೋಡೆಯೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಜೇಡಿಮಣ್ಣಿನ ಪರೀಕ್ಷೆ ಮಾಡಿದೆ. ಮಡ್‌ಗಾರ್ಡಿನ ಉಂಡೆಗಳು ಹೆಚ್ಚೇನೂ ಅದುಮಿರಲಿಲ್ಲ. ಬಲಗಡೆಯ ಬಾಡಿ ಮೌಂಟ್ ಮೇಲಿನದು ಮಾತ್ರ ಟೈರಿನ ಅಚ್ಚು ಸಮೇತ ಚಪ್ಪಟೆಯಾಗಿ 22 ಮಿ.ಮೀ. ಉಳಿದಿತ್ತು. ಎಡಗಡೆ 25. ಹಾಗಾದರೆ 35ರ ಆಸೆ ಬಿಟ್ಟೆ. 285/70ಆರ್17ಕ್ಕೆ ಈಗಿನ ರಿಮ್ಮೇ ಸಾಕೇ?

ಉತ್ತರ 1

22ರಲ್ಲಿ 14 ಕಳೆದರೆ 8 ಮಿ.ಮೀ. ಉಳಿಯುತ್ತದೆ. ಬಿಗಿಯೇ, ಆದರೂ ಸಾಗುತ್ತದೆ. ಆ ಟೈರಿಗೆ ಅನುಮತಿಯಿರುವ ರಿಮ್ ಅಗಲ 7.5ರಿಂದ 9 ಇಂಚು, ಆದ್ದರಿಂದ ನಿಮ್ಮ ರಿಮ್ ಕೆಳಗಿನ ಅಂಚಿನಲ್ಲಿ ಹೊಂದುತ್ತದೆ. ಟೈರ್ ಅಗಲವಾಗುವುದರಿಂದ ಒಳಬದಿಯಲ್ಲಿ ಸುಮಾರು 10 ಮಿ.ಮೀ. ಕಡಿಮೆಯಾಗುತ್ತದೆ, ಕೊಳ್ಳುವ ಮುನ್ನ ಮೇಲಿನ ಕಂಟ್ರೋಲ್ ಆರ್ಮ್‌ಗೂ ಟೈರಿಗೂ ನಡುವೆ ಎಷ್ಟಿದೆ ಎಂದು ಅಳೆಯಿರಿ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ತೂಕ ಹೊರಬಲ್ಲದು ಎಂದು ಸೂಚಿಸುವ ಸಂಖ್ಯೆ) ಈಗಿನದಕ್ಕಿಂತ ಕಡಿಮೆ ಇರಬಾರದು. ಸ್ಟೆಪ್ನಿಯನ್ನೂ ಅದೇ ಅಳತೆಯದೇ ತೆಗೆದುಕೊಳ್ಳಿ, ಆದರೆ ಅದು ಗಾಡಿಯ ಅಡಿಯಲ್ಲಿ ಸೈಲೆನ್ಸರ್ ಪೈಪಿಗೆ ತಾಗದೆ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಏರಿಸಿ ನೋಡಿಬಿಡಿ.