ಪದಚರ್ಚೆ: ‘ಉತ್ಪ್ರೇಕ್ಷೆ’ ಎಂದರೆ ಬಡಾಯಿಯೋ, ಊಹೆಯೋ?

ಪ್ರಶ್ನೆ: ‘ವರದಿಯಲ್ಲಿ ಉತ್ಪ್ರೇಕ್ಷೆ ಇದೆ’ ಎಂದು ಪತ್ರಿಕೆಗಳು ಬರೆಯುತ್ತವೆ, ಅಲ್ಲಿ ಅರ್ಥ, ಇದ್ದದ್ದಕ್ಕಿಂತ ಹೆಚ್ಚಿಸಿ ಹೇಳುವುದು. ಅಲಂಕಾರದ ಪಾಠದಲ್ಲಿ ಉತ್ಪ್ರೇಕ್ಷೆ ಎಂದರೆ ಒಂದನ್ನು ಮತ್ತೊಂದೆಂದು ಕಲ್ಪಿಸುವುದು. ಪತ್ರಿಕೆಯ ಬಳಕೆ ತಪ್ಪೇ? ಇನ್ನೊಂದು: ‘ಅಂತೆ’ ಕಂಡರೆ ಸಾಕು, ಮಕ್ಕಳು ಉಪಮೆ (ಹೋಲಿಕೆ) ಎಂದು ಬರೆದುಬಿಡುತ್ತಾರೆ. ‘ಎಂಬಂತೆ’ಯಲ್ಲೂ ಅದೇ ‘ಅಂತೆ’ ಇದೆಯಲ್ಲ, ಬಿಡಿಸಿ ಹೇಳುವುದು ಹೇಗೆ?

ಉತ್ತರ 1: ಉತ್ + ಪ್ರ + ಈಕ್ಷಾ. ಈಕ್ಷ್ ಎಂದರೆ ನೋಡು. ಪರೀಕ್ಷೆ, ನಿರೀಕ್ಷೆ, ಅಪೇಕ್ಷೆ, ಉಪೇಕ್ಷೆ ಎಲ್ಲವೂ ಇದೇ ಧಾತುವಿನವು. ‘ಹೆಚ್ಚಿಸಿ ಹೇಳು’ ಎನ್ನುವುದು ಧಾತುವಿನಲ್ಲಿಲ್ಲ; ಇರುವುದು ನೋಟ, ಅದೂ ಕಲ್ಪನೆಯ ನೋಟ. ಸಂಸ್ಕೃತದ ಅಲಂಕಾರಶಾಸ್ತ್ರಜ್ಞ ಮಮ್ಮಟ ಇದನ್ನು ‘ಸಂಭಾವನೆ’ ಎನ್ನುತ್ತಾನೆ: ವರ್ಣಿಸುತ್ತಿರುವ ವಸ್ತು ಅದನ್ನು ಹೋಲುವ ಇನ್ನೊಂದೇ ಇರಬೇಕು ಎಂಬ ಊಹೆ. (ಭಾಷಣಕಾರರಿಗೆ ಲಕೋಟೆಯಲ್ಲಿ ಕೊಡುವ ಸಂಭಾವನೆ ಬೇರೆ!) ಹೆಚ್ಚಿಸಿ ಹೇಳುವುದಕ್ಕೆ ಶಾಸ್ತ್ರದ ಹೆಸರು ಅತಿಶಯೋಕ್ತಿ. ಹಿಂದಿ, ತೆಲುಗಿನವರು ದಿನಬಳಕೆಯಲ್ಲೂ ಅದನ್ನೇ ಹೇಳುತ್ತಾರೆ. ಕನ್ನಡದಲ್ಲಿ ಎರಡೂ ನಡೆಯುತ್ತವೆ. ‘ಎಂದರೆ ಅತಿಶಯೋಕ್ತಿಯಾಗಲಾರದು’, ‘ಎಂದರೆ ಉತ್ಪ್ರೇಕ್ಷೆಯಾಗಲಾರದು’ ಎರಡನ್ನೂ ಓದುತ್ತೇವೆ. ಇಷ್ಟು ಬೇರೂರಿದ ಬಳಕೆಯನ್ನು ತಪ್ಪೆಂದು ತಿದ್ದಲು ಹೊರಡುವುದು ವ್ಯರ್ಥ. ಆದರೆ ಉತ್ತರಪತ್ರಿಕೆಯಲ್ಲೂ ವಿಮರ್ಶೆಯಲ್ಲೂ ಎರಡನ್ನು ಕಲಸಬಾರದು.

ಒಂದೇ ಗುಡ್ಡ, ಒಂದೇ ಮಂಜು ಇಟ್ಟುಕೊಂಡು ಕಲಿಸಿದರೆ ಬೇಗ ಹಿಡಿಯುತ್ತದೆ.

‘ಗುಡ್ಡದ ಮೇಲೆ ಮಂಜು ಕಂಬಳಿಯಂತೆ ಹರಡಿದೆ.’ ಉಪಮೇಯ (ವರ್ಣಿಸುತ್ತಿರುವ ವಸ್ತು) ಮಂಜು, ಉಪಮಾನ (ಅದನ್ನು ಹೋಲಿಸಿದ ವಸ್ತು) ಕಂಬಳಿ, ವಾಚಕಪದ (ಹೋಲಿಕೆ ಸೂಚಿಸುವ ಪದ) ‘ಅಂತೆ’, ಸಮಾನಧರ್ಮ (ಎರಡಕ್ಕೂ ಇರುವ ಗುಣ) ಹರಡಿರುವುದು. ನಾಲ್ಕೂ ಸಿಕ್ಕವು, ಪೂರ್ಣೋಪಮೆ. ‘ಗುಡ್ಡ ಮಂಜಿನ ಕಂಬಳಿ ಹೊದ್ದಿದೆ’: ವಾಚಕ ಹೋಯಿತು, ಮಂಜೇ ಕಂಬಳಿಯಾಯಿತು, ರೂಪಕ. ‘ಚಳಿಗೆ ನಡುಗಿ ಗುಡ್ಡ ಕಂಬಳಿ ಹೊದ್ದುಕೊಂಡಿತೋ ಎಂಬಂತೆ ಮಂಜು ಕವಿದಿತ್ತು’: ಉತ್ಪ್ರೇಕ್ಷೆ. ಗುಡ್ಡಕ್ಕೆ ಚಳಿಯಾಗದು, ಕವಿಗೂ ಗೊತ್ತು. ಮಂಜು ಕವಿದದ್ದಕ್ಕೆ ಇಲ್ಲದ ಕಾರಣವೊಂದನ್ನು ಊಹಿಸಿದ್ದಾನೆ. ಹೀಗೆ ಕಾರಣ ಊಹಿಸಿದರೆ ಹೇತೂತ್ಪ್ರೇಕ್ಷೆ, ಉದ್ದೇಶ ಊಹಿಸಿದರೆ ಫಲೋತ್ಪ್ರೇಕ್ಷೆ, ವಸ್ತುವನ್ನೇ ಬೇರೊಂದೆಂದು ಊಹಿಸಿದರೆ ವಸ್ತೂತ್ಪ್ರೇಕ್ಷೆ. ಕೊನೆಗೆ, ‘ಮಂಜು ಎಷ್ಟು ದಟ್ಟವೆಂದರೆ ಕತ್ತಿಯಿಂದ ಕೊಯ್ದು ಮನೆಗೆ ಒಯ್ಯಬಹುದಿತ್ತು’: ಇದು ಅತಿಶಯೋಕ್ತಿ. ಪತ್ರಿಕೆಯವರು ‘ಉತ್ಪ್ರೇಕ್ಷೆ’ ಎನ್ನುವುದು ಇದನ್ನೇ.

ಗುರುತಿಗೆ, ‘ಎಂಬಂತೆ’ಯ ಹಿಂದಿನ ಪದ ನೋಡಿ. ಅಲ್ಲಿ ‘ಓ’ಕಾರ (ಕನ್ನಡಿಯೋ, ಹೊದ್ದಿತೋ) ಅಥವಾ ‘ಏನೋ’ ಇದ್ದರೆ ಬಹುಪಾಲು ಉತ್ಪ್ರೇಕ್ಷೆ. ಆದರೆ ‘ಇದು ಮಂಜೋ, ಹೊಗೆಯೋ?’ ಎಂದು ಎರಡು ಕಡೆ ‘ಓ’ ಬಂದು ಮನಸ್ಸು ಎಲ್ಲೂ ನಿಲ್ಲದಿದ್ದರೆ ಅದು ಸಂದೇಹಾಲಂಕಾರ. ಉತ್ಪ್ರೇಕ್ಷೆಯಲ್ಲಿ ತಕ್ಕಡಿ ಉಪಮಾನದ ಕಡೆಗೇ ವಾಲಿರುತ್ತದೆ. ‘ಅವನು ನಿನ್ನೆಯೇ ಬಂದನಂತೆ’ ಎನ್ನುವಲ್ಲಿ ‘ಅಂತೆ’ ಬರೀ ಕೇಳಿದ ಸುದ್ದಿ, ಅಲ್ಲಿ ಅಲಂಕಾರವೇ ಇಲ್ಲ. ಇದನ್ನೂ ಉಪಮೆ ಎಂದು ಬರೆಯುವವರಿದ್ದಾರೆ!

ಉತ್ತರ 2: ಮೇಲಿನದಕ್ಕೆ ಒಂದು ಸೇರಿಕೆ. ಈ ಗೊಂದಲ ನಮ್ಮ ಮಕ್ಕಳದಷ್ಟೇ ಅಲ್ಲ, ಹಳೆಯದು. ಸಂಸ್ಕೃತದ ‘ಇವ’ (ಅಂತೆ, ಹಾಗೆ) ಕಂಡರೆ ಉಪಮೆ ಎನ್ನುವವರಿಗೆ ಹಳೆಯ ಅಲಂಕಾರಶಾಸ್ತ್ರಜ್ಞ ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಉದ್ದಕ್ಕೂ ಉತ್ತರಿಸುತ್ತಾನೆ. ‘ಲಿಂಪತೀವ ತಮೋಽಂಗಾನಿ’, ಕತ್ತಲೆ ಮೈಗೆ ಬಳಿಯುತ್ತಿದೆಯೋ ಎಂಬಂತಿದೆ: ಇಲ್ಲಿ ‘ಇವ’ ಕ್ರಿಯಾಪದಕ್ಕೆ ಅಂಟಿದೆ, ಕ್ರಿಯಾಪದ ಉಪಮಾನವಾಗದು, ಆದ್ದರಿಂದ ಉತ್ಪ್ರೇಕ್ಷೆ ಎಂಬುದು ಅವನ ವಾದ. ಮನ್ಯೇ (ಎಂದುಕೊಳ್ಳುತ್ತೇನೆ), ಶಂಕೇ (ಶಂಕಿಸುತ್ತೇನೆ), ಧ್ರುವಂ (ಖಂಡಿತ), ಪ್ರಾಯಃ (ಬಹುಶಃ), ನೂನಂ (ನಿಶ್ಚಯವಾಗಿ) ಎಂಬ ಗುರುತುಪದಗಳನ್ನು ಕೊಟ್ಟು, ‘ಇವ’ವೂ ಅಂಥದ್ದೇ ಎನ್ನುತ್ತಾನೆ. 9ನೆಯ ಶತಮಾನದ ನಮ್ಮ ‘ಕವಿರಾಜಮಾರ್ಗ’ ಬಹುವಾಗಿ ನೆಚ್ಚಿಕೊಂಡದ್ದು ಇದೇ ದಂಡಿಯನ್ನು.

ಕನ್ನಡಕ್ಕೆ ಈ ಸೂತ್ರವನ್ನು ಹಾಗೇ ಇಳಿಸಿದರೆ ಎಡವುತ್ತೇವೆ. ‘ಆಕಾಶ ಕಳಚಿ ಬಿದ್ದ ಹಾಗೆ ಮಳೆ ಸುರಿಯಿತು’, ಇದು ಉತ್ಪ್ರೇಕ್ಷೆಗೆ ಹತ್ತಿರ. ‘ಹುಲಿ ಎರಗಿದಂತೆ ಎರಗಿದ’, ಇಲ್ಲೂ ‘ಅಂತೆ’ಯ ಹಿಂದೆ ಕ್ರಿಯೆಯೇ ಇದೆ, ಆದರೂ ಉಪಮೆ. ಹುಲಿ ನಿಜಕ್ಕೂ ಎರಗುತ್ತದೆ, ಆಕಾಶ ಕಳಚಿ ಬೀಳುವುದಿಲ್ಲ. ಮಕ್ಕಳಿಗೆ ಪ್ರತ್ಯಯ ಎಣಿಸಲು ಹೇಳುವ ಮೊದಲು ‘ಇದು ಲೋಕದಲ್ಲಿ ನಡೆಯುತ್ತದೆಯೇ?’ ಎಂದು ಕೇಳಿ ನೋಡಿ.