ಪುಣೆಯಲ್ಲಿ ಮೊದಲ ನರ್ಸಿಂಗ್ ಕೆಲಸ: ಸಂಬಳ ಜಾಸ್ತಿ ಕೇಳಬಹುದಾ?

ಹೊಸ ಸಿಸ್ಟರ್, ಹಡಪ್ಸರ್:
ಎಲ್ಲರಿಗೂ ನಮಸ್ಕಾರ. ನಮ್ಮೂರು ಸಿಂದಗಿ ಹತ್ತಿರ. ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಇಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೇನೆ. ಮೊನ್ನೆ 120 ಬೆಡ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಂಟರ್‌ವ್ಯೂ ಆಯಿತು. ನರ್ಸ್‌ಗಳ ಮುಖ್ಯಸ್ಥೆ ಮೇಟ್ರನ್ ಮೇಡಮ್ ಕೇಳಿದ್ದಕ್ಕೆಲ್ಲ ಚೆನ್ನಾಗಿಯೇ ಉತ್ತರ ಕೊಟ್ಟೆ. ಆಮೇಲೆ ಎಚ್‌ಆರ್‌ನವರು ಎಷ್ಟು ಸಂಬಳ ಬೇಕು ಅಂದರು. ಬಾಯಿ ಒಣಗಿತು, "ನೀವು ಕೊಟ್ಟಷ್ಟು ಸರ್" ಅಂದುಬಿಟ್ಟೆ. 22,667 ರೂಪಾಯಿ ಸಿಟಿಸಿ, ಎರಡು ವರ್ಷ ಕೆಲಸ ಬಿಡುವಂತಿಲ್ಲ ಅಂತ ಬಾಂಡ್, ಒರಿಜಿನಲ್ ಮಾರ್ಕ್ಸ್ ಕಾರ್ಡ್ ತಗೊಂಡು ಶುಕ್ರವಾರ ಬನ್ನಿ ಅಂತ ಹೇಳಿ ಕಳಿಸಿದರು. ನನ್ನ ಫೀಸಿಗೆ ಅಪ್ಪ ಮಾಡಿದ ಸಾಲ ಇನ್ನೂ ಇದೆ. ಒಮ್ಮೆ ಹಾಗೆ ಹೇಳಿದ ಮೇಲೆ ಈಗ ಜಾಸ್ತಿ ಕೇಳಿದರೆ ಕೆಲಸವೇ ಕೈತಪ್ಪುತ್ತದಾ ಅಂತ ಭಯ. ಗೊತ್ತಿದ್ದವರು ದಯವಿಟ್ಟು ಹೇಳಿ.

ಐಸಿಯು ಅಕ್ಕ, ಠಾಣೆ:
ತಂಗಿ, ಮೊದಲು ಬೇಜಾರು ಬಿಡು. ಹನ್ನೊಂದು ವರ್ಷದ ಹಿಂದೆ ಮುಂಬೈಗೆ ಬಂದಾಗ ನಾನೂ ಅದನ್ನೇ ಅಂದಿದ್ದೆ. ನನ್ನ ಜೊತೆಗೇ ಸೇರಿದ ಇನ್ನೊಬ್ಬಳು ಸಾವಿರ ರೂಪಾಯಿ ಜಾಸ್ತಿ ಕೇಳಿ ತಗೊಂಡಳು. ಇನ್‌ಕ್ರಿಮೆಂಟ್ ಬರುವುದು ಇರುವ ಸಂಬಳದ ಮೇಲೆ, ಮುಂದಿನ ಆಸ್ಪತ್ರೆಯವರೂ ಹಳೆ ಪೇ ಸ್ಲಿಪ್ ನೋಡಿಯೇ ಮಾತಾಡುತ್ತಾರೆ, ಹಾಗಾಗಿ ನಾಲ್ಕು ವರ್ಷ ಕಳೆದರೂ ನನಗೆ ಅವಳ ಸರಿಸಮ ಬರಲು ಆಗಲಿಲ್ಲ. ಸಹಿ ಮಾಡುವವರೆಗೂ ಕೇಳಬಹುದು. ಕೇಳು.

ಫ್ರೆಶರ್ ಹತ್ತಿರ ಏನಿದೆ ಅನ್ಕೋಬೇಡ. ಐಸಿಯು ಪೋಸ್ಟಿಂಗ್ ಎಷ್ಟು ವಾರ ಮಾಡಿದ್ದೀಯ, ಬಿಎಲ್‌ಎಸ್ (ಉಸಿರು, ಹೃದಯ ನಿಂತವರಿಗೆ ಮಾಡುವ ತುರ್ತು ಆರೈಕೆ) ಸರ್ಟಿಫಿಕೇಟ್ ಇದೆಯಾ, ಎಷ್ಟು ದಿನದಲ್ಲಿ ಸೇರಬಲ್ಲೆ, ಇದೆಲ್ಲ ಹೇಳು. ಮತ್ತೆ ನಿನ್ನ ಕನ್ನಡ. ಇದನ್ನು ಯಾರೂ ಹೇಳಿಕೊಳ್ಳುವುದೇ ಇಲ್ಲ. ಒಂದು ರಾತ್ರಿ ನಮ್ಮ ಪಕ್ಕದ ವಾರ್ಡಿನಲ್ಲಿ ಅಕ್ಕಲಕೋಟ ಕಡೆಯ ಒಬ್ಬ ಅಜ್ಜಿ ಆಕ್ಸಿಜನ್ ಮಾಸ್ಕ್ ಎಳೆದೆಳೆದು ಏನೋ ಹೇಳುತ್ತಿದ್ದರು. ಡ್ಯೂಟಿಯಲ್ಲಿದ್ದ ಸಿಸ್ಟರ್‌ಗೆ ಕನ್ನಡ ಬರಲ್ಲ, ಮಾಸ್ಕ್ ಬೇಡ ಅಂತಿದ್ದಾರೆ ಅಂದುಕೊಂಡು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ನಾನು ಹೋಗಿ ಕಿವಿಕೊಟ್ಟರೆ, "ಎದಿ ಹಿಡದಂಗ ಆಗೈತಿ ಯವ್ವಾ". ತಕ್ಷಣ ಡಾಕ್ಟರನ್ನು ಕರೆದು ಇಸಿಜಿ ಮಾಡಿಸಿದೆವು. ಪುಣೆಗೂ ಸೋಲಾಪುರ, ಜತ್ತ, ವಿಜಯಪುರದಿಂದ ಪೇಷಂಟ್ ಬರುತ್ತಾರೆ. ಅಂಥವರ ಮಾತು ತಿಳಿಯುವ ನರ್ಸ್ ಬೇಕೇ ಬೇಕು. ಅದನ್ನು ಮೇಟ್ರನ್ ಎದುರಿಗೇ ಹೇಳು, ಎಚ್‌ಆರ್‌ಗಿಂತ ಬೇಗ ಅವರಿಗೆ ಅರ್ಥ ಆಗುತ್ತದೆ.

ಒರಿಜಿನಲ್ ಮಾತ್ರ ಕೊಡಬೇಡ. ನನ್ನ ಮೊದಲ ಆಸ್ಪತ್ರೆ ಇಟ್ಟುಕೊಂಡಿತ್ತು. ಎಂಟನೇ ತಿಂಗಳಲ್ಲಿ ಅಪ್ಪನಿಗೆ ಹುಷಾರಿಲ್ಲದೆ ಕೆಲಸ ಬಿಡಬೇಕಾದಾಗ 30,000 ಕಟ್ಟಿ ತಗೊಂಡು ಹೋಗು ಅಂದರು. ಅಮ್ಮ ಬೋರಮಾಳ ಅಡ ಇಟ್ಟು ದುಡ್ಡು ಕಳಿಸಿದಳು.

ಎಚ್‌ಆರ್ ಕೆಲಸದವ, ಪಿಂಪ್ರಿ:
ಸಿಸ್ಟರ್, ನಾನು ಆಸ್ಪತ್ರೆಯಲ್ಲೇ ಈ ಕೆಲಸ ಮಾಡುವವನು. ಸಿಟಿಸಿ ಅಂದರೆ ಆಸ್ಪತ್ರೆಗೆ ನಿಮ್ಮಿಂದ ಬೀಳುವ ಒಟ್ಟು ಖರ್ಚು, ಅದನ್ನು ನೋಡಿ ಲೆಕ್ಕ ಹಾಕಬೇಡಿ. ನಿಮ್ಮ ಅಂಕಿ ನೋಡಿದರೆ ಬೇಸಿಕ್ 12,000, ಮನೆ ಬಾಡಿಗೆ ಭತ್ಯೆ 8,000, ಒಟ್ಟು 20,000 ಇರಬಹುದು. ಅದರ ಮೇಲೆ ಆಸ್ಪತ್ರೆ ಕಟ್ಟುವ ಪಿಎಫ್ ಬೇಸಿಕ್‌ನ ಶೇ. 12, ಅಂದರೆ 1,440. ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ, ಒಟ್ಟು ಸಂಬಳದ ಶೇ. 3.25, ಅಂದರೆ 650. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಅಂತ 577. ಸೇರಿಸಿದರೆ ಸರಿಯಾಗಿ 22,667. ಇನ್ನು ನಿಮ್ಮ 20,000ದಲ್ಲಿ ನಿಮ್ಮ ಪಾಲಿನ ಪಿಎಫ್ 1,440, ಇಎಸ್‌ಐ 150 ಹೋಗುತ್ತದೆ. ಕೈಗೆ 18,410. ಮಹಾರಾಷ್ಟ್ರದಲ್ಲಿ ತಿಂಗಳಿಗೆ 25,000ದವರೆಗೆ ಹೆಂಗಸರಿಗೆ ವೃತ್ತಿ ತೆರಿಗೆ ಇಲ್ಲ, ಅಷ್ಟು ಉಳಿಯಿತು. ಶುಕ್ರವಾರ ಈ ವಿವರವನ್ನು ಕಾಗದದ ಮೇಲೆ ಬರೆದುಕೊಡಿ ಅಂತ ಕೇಳಿ. ಯಾರೂ ಸಿಟ್ಟಾಗಲ್ಲ.

ಇನ್ನೊಂದು. ಇಎಸ್‌ಐ ಸಿಗಲು ತಿಂಗಳ ಸಂಬಳದ ಮಿತಿ 21,000. ನಿಮ್ಮನ್ನೇ ನೆಚ್ಚಿಕೊಂಡ ಅಪ್ಪ ಅಮ್ಮನಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತದೆ, ಆದಾಯದ ಮಿತಿ ಇದೆ, ನೋಡಿಕೊಳ್ಳಿ. ಸಂಬಳ 21,200 ಮಾಡಿಸಿಕೊಂಡು ಅದನ್ನು ಕಳೆದುಕೊಂಡರೆ ನಿಮಗೇ ಲುಕ್ಸಾನು. ಫ್ರೆಶರ್‌ಗೆ ಮೂಲ ಸಂಬಳದಲ್ಲಿ ನಮ್ಮ ಕೈ ಅಷ್ಟೇನೂ ಸಡಿಲ ಇರಲ್ಲ. ನೈಟ್ ಭತ್ಯೆ, ಬಾಂಡ್ ಅವಧಿ, ಆರು ತಿಂಗಳ ನಂತರ ಸಂಬಳ ಪರಿಷ್ಕರಣೆ, ಇವುಗಳಲ್ಲಿ ಇರುತ್ತದೆ. ಅಲ್ಲಿ ಕೇಳಿ. ಸಿಕ್ಕಿದ್ದನ್ನು ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ.

ಲ್ಯಾಬ್ ಟೆಕ್ನಿಷಿಯನ್, ಮಡಗಾಂವ್:
ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತ್ತು. 200ಕ್ಕಿಂತ ಹೆಚ್ಚು ಬೆಡ್ ಇದ್ದರೆ ನರ್ಸ್‌ಗಳಿಗೆ ರಾಜ್ಯ ಸರ್ಕಾರದ ನರ್ಸ್‌ಗಳಷ್ಟೇ ಸಂಬಳ, 100 ದಾಟಿದರೆ ಅದಕ್ಕಿಂತ ಶೇ. 10ಕ್ಕಿಂತ ಜಾಸ್ತಿ ಕಡಿಮೆ ಇರಬಾರದು, 50 ಬೆಡ್‌ಗಿಂತ ಚಿಕ್ಕದಾದರೂ 20,000ಕ್ಕೆ ಕಡಿಮೆ ಬೇಡ ಅಂತ ಅದು ಹೇಳಿತು. ನಿಮ್ಮದು 120 ಬೆಡ್. ಇದು ಶಿಫಾರಸು, ಕೋರ್ಟ್ ಆದೇಶ ಅಂತ ಅಲ್ಲಿ ಜಗಳಕ್ಕೆ ನಿಲ್ಲಬೇಡಿ. ಆದರೆ 20,000 ಕೊಟ್ಟು ದೊಡ್ಡ ಉಪಕಾರ ಮಾಡಿದರು ಅಂತಲೂ ಅನ್ಕೋಬೇಡಿ.

ಹೊಸ ಸಿಸ್ಟರ್, ಹಡಪ್ಸರ್:
ಅಕ್ಕ, ಅಣ್ಣ, ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹೋಗಿ ಬಂದೆ. ಲೆಕ್ಕ ಬರೆದುಕೊಡಿ ಅಂದಾಗ ಎಚ್‌ಆರ್ ಸರ್ ಕ್ಯಾಲ್ಕುಲೇಟರ್ ತೆಗೆದು ನನ್ನ ಎದುರಿಗೇ ಬರೆದರು, ಅಣ್ಣ ಹೇಳಿದ 18,410 ಹಾಗೇ ಬಂತು! ಐಸಿಯುನಲ್ಲಿ ಎಂಟು ವಾರ ಮಾಡಿದ್ದು ಹೇಳಿದೆ, ಕನ್ನಡದ್ದೂ ಹೇಳಿದೆ. ಮೇಟ್ರನ್ ಮೇಡಮ್ ಕೂಡಲೇ "ಸರ್ಜಿಕಲ್ ವಾರ್ಡಿಗೆ ಇವಳನ್ನೇ ಕೊಡಿ" ಅಂದರು. ಆ 20,000ದ ಬದಲು ಒಟ್ಟು 22,000 ಕೇಳಿದ್ದೆ. 20,900ಕ್ಕೆ ನಿಂತಿತು. ಒಂದು ನೈಟ್‌ಗೆ 150 ಬೇರೆ. ಬಾಂಡ್ ಒಂದು ವರ್ಷಕ್ಕೆ ಇಳಿಸಿದರು. ಒರಿಜಿನಲ್ ತೋರಿಸಿ ವಾಪಸ್ ಬ್ಯಾಗಿಗೆ ಹಾಕಿಕೊಂಡೆ, ಜೆರಾಕ್ಸ್ ಕೊಟ್ಟೆ. ಆರು ತಿಂಗಳ ಪರಿಷ್ಕರಣೆಗೆ ಒಪ್ಪಲಿಲ್ಲ. ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ಆಗಬೇಕಂತೆ, ಅದಕ್ಕೆ ಕರ್ನಾಟಕದ ಕೌನ್ಸಿಲ್‌ನಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ತರಿಸಬೇಕು. ಅಕ್ಕ, ನೀವು ಅದಕ್ಕೆ ಬೆಂಗಳೂರಿಗೇ ಹೋಗಿದ್ರಾ?