ತುರ್ತಾಗಿ ಪದ ಬೇಕು: ಪರಮಪ್ರಸಾದದ ‘ಐಂದ್ರಿಯಕ ಅನುಭವ’ಕ್ಕೆ ಏನನ್ನೋಣ?

ಕರಡು:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಒಂದು ಪುಸ್ತಿಕೆ ಅಚ್ಚಿಗೆ ಹೋಗಬೇಕು. ಒಳಗಿನದೆಲ್ಲ ಮುಗಿದಿದೆ, ತಲೆಬರಹ ಮಾತ್ರ ಕೈಕೊಟ್ಟಿದೆ.

ವಿಷಯ ಇಷ್ಟೇ. ಕ್ರೈಸ್ತರು ಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತಾರಲ್ಲ, ಅದು ಕಣ್ಣು, ಕಿವಿ, ಮೂಗು, ನಾಲಿಗೆ, ಕೈಗಳಿಗೆ ಹೇಗೆ ಅನುಭವಕ್ಕೆ ಬರುತ್ತದೆ ಅನ್ನೋದು. ಒಂದೊಂದಕ್ಕೂ ಒಂದೊಂದು ಪುಟ. ಓದುವವರಲ್ಲಿ ಕಥೋಲಿಕರೂ ಇದ್ದಾರೆ, ಪ್ರೊಟೆಸ್ಟಂಟರೂ ಇದ್ದಾರೆ. ಅವರು ಪರಮಪ್ರಸಾದ ಅನ್ನುತ್ತಾರೆ, ಇವರು ಕರ್ತನ ಭೋಜನ ಅನ್ನುತ್ತಾರೆ. ಅದೊಂದು ತಲೆನೋವು ಬೇರೆ.

ಮೊದಲು ‘ಪರಮಪ್ರಸಾದದ ಐಂದ್ರಿಯಕ ಅನುಭವ’ ಅಂತ ಬರೆದೆ. ಗಟ್ಟಿಯಾಗಿ ಓದಿದಾಗ ನನಗೇ ಮುಜುಗರವಾಯಿತು. ಇಂದ್ರಿಯ ಅಂದಕೂಡಲೇ ಅದರ ಬೆನ್ನಿಗೇ ನಿಗ್ರಹ ಬರುತ್ತದೆ, ಇಲ್ಲವಾದರೆ ಸುಖ ಬರುತ್ತದೆ. ಎರಡೂ ಇಲ್ಲಿಗೆ ಬೇಡ. ‘ದೈಹಿಕ ಅನುಭವ’ ಅಂದರೆ ಡಾಕ್ಟರ ಚೀಟಿಯ ಹಾಗಿದೆ. ‘ಪಂಚೇಂದ್ರಿಯಗಳ ಮೂಲಕ ಭೋಜನ’ ಅಂದರೆ ಮೂಗಿನಿಂದಲೂ ಉಣ್ಣುವ ಹಾಗಾಯಿತು. ನಗಬೇಡಿ, ನಿಜವಾಗಿಯೂ ಅರ್ಧ ದಿನ ಹೋಗಿದೆ.

ಅಚ್ಚಗನ್ನಡ:

‘ಐಂದ್ರಿಯಕ’ ಅಳಿಸಿ. ‘ಅನುಭವ’ವನ್ನೂ ಅಳಿಸಿ. ಸಂಸ್ಕೃತದ ಎರಡು ಕಲ್ಲನ್ನು ಒಂದರ ಮೇಲೊಂದು ಇಟ್ಟು ಅದನ್ನೇ ಕನ್ನಡ ಅನ್ನುವ ಚಾಳಿ ಯಾವಾಗ ಬಿಡುತ್ತೀವೋ ಗೊತ್ತಿಲ್ಲ. ನಮ್ಮಲ್ಲಿ ಅರಿವು ಇದೆ. ಐದು ಅರಿವು ಸೇರಿದರೆ ಐದರಿವು. ಒಟ್ಟಿಗೆ ಕೂತು ಉಣ್ಣುವುದು ಕೂಡುಣಿಸು. ತಲೆಬರಹ: ‘ಐದರಿವಿನ ಕೂಡುಣಿಸು’. ಒಳಪುಟಗಳಿಗೆ ಕಾಣ್ಕೆ, ಕೇಳ್ಮೆ, ನಾತ, ಸವಿ, ಸೋಂಕು. ಒಂದೂ ಎರವಲಲ್ಲ. ಮುಗಿಯಿತು.

ಪೀಠದ ಹುಡುಗ:

ಸ್ವಾಮಿ, ಒಂದೇ ಪಾನಪಾತ್ರೆಗೆ ಹತ್ತಾರು ಜನ ತುಟಿ ಇಡುವ ಆಚರಣೆ ಇದು. ಇದರ ಬಗ್ಗೆ ಪುಸ್ತಿಕೆ, ಅದರಲ್ಲಿ ‘ಸೋಂಕು’ ಅಂತ ಒಂದು ಪುಟ. 2020 ದಾಟಿ ಬಂದವರು ಯಾರಾದರೂ ಆ ಪುಟ ತಿರುಗಿಸುತ್ತಾರಾ? ಆ ವರ್ಷ ಎಷ್ಟೋ ಚರ್ಚುಗಳಲ್ಲಿ ಪಾತ್ರೆಯನ್ನು ಜನರ ಕೈಗೇ ಕೊಡಲಿಲ್ಲ. ಇನ್ನು ‘ನಾತ’ದ ಪುಟವನ್ನು ದೇವರೇ ಕಾಪಾಡಬೇಕು. ‘ಕಾಣ್ಕೆ’ ನೋಡಿದವರು ಕಾಣಿಕೆ ಡಬ್ಬಿ ಬಂತು ಅಂದುಕೊಂಡು ಜೇಬು ತಡಕುತ್ತಾರೆ.

ಅಚ್ಚಗನ್ನಡ:

ಹಳಗನ್ನಡದಲ್ಲಿ ನಾತ ಅಂದರೆ ಬರೀ ವಾಸನೆ. ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಸೋಂಕು ಅಂದರೆ ತಾಗುವುದು, ಅಷ್ಟೇ. ಜನ ಕೆಡಿಸಿದರೆ ಪದ ಏನು ಮಾಡೀತು? ಬಳಸುತ್ತಾ ಹೋದರೆ ತಾನಾಗಿ ತೊಳೆದುಕೊಳ್ಳುತ್ತದೆ.

ಪೀಠದ ಹುಡುಗ:

ನಾಳೆ ಬೆಳಿಗ್ಗೆಯೊಳಗೆ ತೊಳೆದುಕೊಳ್ಳುವುದಿಲ್ಲ.

ಅಡಿಟಿಪ್ಪಣಿ:

ತಡವಾಗಿ ಬಂದೆ. ‘ಕೂಡು’ ಅನ್ನುವುದಕ್ಕೆ ಆಧಾರ ಏನು? ಪರಮಪ್ರಸಾದಕ್ಕೆ ಇಂಗ್ಲಿಷಿನಲ್ಲಿ ಕಮ್ಯೂನಿಯನ್ ಅನ್ನುತ್ತಾರಲ್ಲ, ಅದು ‘ಕೊಮ್’ ಜೊತೆಗೆ ‘ಊನಿಯೋ’, ಅಂದರೆ ಕೂಡಿ ಒಂದಾಗುವುದು ಅಂತ ಚರ್ಚಿನ ಉಪದೇಶಗಳಲ್ಲಿ ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ತಪ್ಪು. ಲ್ಯಾಟಿನ್‌ನಲ್ಲಿ ಅದು ‘ಕೊಮ್ಮೂನಿಸ್’ ಅನ್ನುವುದರಿಂದ ಬಂದದ್ದು. ಅದರ ಹೊಟ್ಟೆಯಲ್ಲಿರುವುದು ‘ಮೂನುಸ್’. ಮೂನುಸ್ ಅಂದರೆ ಹೊಣೆ, ಕೊಡುಗೆ. ಹೊಣೆಯನ್ನು ಹಂಚಿಕೊಂಡವರ ಮಾತು ಅದು. ಗ್ರೀಕಿನ ‘ಕೊಯಿನೋನಿಯಾ’ ಕೂಡ ಪಾಲು ತೆಗೆದುಕೊಳ್ಳುವುದೇ. ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ಪಾತ್ರೆಗೂ ರೊಟ್ಟಿಗೂ ಬಳಸಿದ್ದು ಇದೇ ಪದ. ಹಾಗಾಗಿ ಕೂಡುವುದಲ್ಲ, ಪಾಲು. ಬೇಕಾದರೆ ‘ಪಾಲುಣಿಸು’ ಅನ್ನಿ. ಇದು ಸಲಹೆಯಲ್ಲ, ಕೊಂಕು.

ಇನ್ನು ಇಂದ್ರಿಯದ ಬೆನ್ನಿಗೆ ನಿಗ್ರಹವೇ ಬರುತ್ತದೆ ಅನ್ನುವ ಮಾತು. ಕರಡು ಅವರೇ, ಅದು ಅರ್ಧ ಸತ್ಯ. ಕನ್ನಡದಲ್ಲೇ ಇದಕ್ಕೆ ಎದುರಾದ ದಾರಿ ಇದೆ. ಶರಣರ ಷಟ್‌ಸ್ಥಲದಲ್ಲಿ, ಅಂದರೆ ಭಕ್ತಿಯ ಆರು ಹಂತಗಳ ದಾರಿಯಲ್ಲಿ, ಮೂಗಿನ ಗಂಧ ಆಚಾರಲಿಂಗಕ್ಕೆ, ನಾಲಿಗೆಯ ರಸ ಗುರುಲಿಂಗಕ್ಕೆ, ಕಣ್ಣಿನ ರೂಪ ಶಿವಲಿಂಗಕ್ಕೆ, ತೊಗಲಿನ ಸ್ಪರ್ಶ ಜಂಗಮಲಿಂಗಕ್ಕೆ, ಕಿವಿಯ ಶಬ್ದ ಪ್ರಸಾದಲಿಂಗಕ್ಕೆ ಅರ್ಪಣೆ. ಅರ್ಪಿಸಿದ್ದು ತಿರುಗಿ ಬಂದರೆ ಅದೇ ಪ್ರಸಾದ. ಇಂದ್ರಿಯವನ್ನು ಕಟ್ಟಿಹಾಕಲಿಲ್ಲ, ಬಾಗಿಲು ಮಾಡಿಕೊಂಡರು. ಎರಡು ಧರ್ಮಗಳನ್ನು ಕಲಸಿ ಅಂತ ಹೇಳುತ್ತಿಲ್ಲ, ಅರ್ಥ ಬೇರೆ ಬೇರೆ. ಆದರೆ ‘ಇಂದ್ರಿಯ’ ಅಂತ ಬರೆದು ಮುಜುಗರ ಪಡಬೇಕಾಗಿಲ್ಲ.

ಅಚ್ಚಗನ್ನಡ:

ನೋಡಿದಿರಾ? ಪ್ರಸಾದವೂ ಸಂಸ್ಕೃತದಿಂದ ತಂದದ್ದು, ಗಂಧ, ರಸ, ರೂಪವೂ ಅಲ್ಲಿಂದಲೇ ತಂದದ್ದು. ಶರಣರು ಬಳಸಿದರು ಅಂದಕೂಡಲೇ ಎರವಲು ಮನೆಯದಾಗಿಬಿಡುತ್ತದಾ?

ಅಡಿಟಿಪ್ಪಣಿ:

ಒಂಬೈನೂರು ವರ್ಷ ಮನೆಯಲ್ಲಿ ಇದ್ದದ್ದು ಮನೆಯದಲ್ಲ ಅಂದರೆ, ರೊಟ್ಟಿ ಅನ್ನುವ ಪದವನ್ನೂ ಹೊರಗಿಡಿ. ಅದೂ ಉತ್ತರದಿಂದ ಬಂದದ್ದು. ದ್ರಾಕ್ಷಿ ಸಂಸ್ಕೃತ. ಪಾದ್ರಿ, ಇಗರ್ಜಿ ಪೋರ್ಚುಗೀಸರು ಬಿಟ್ಟುಹೋದದ್ದು. ಎಲ್ಲವನ್ನೂ ಕಳೆದ ಮೇಲೆ ನಿಮ್ಮ ಕೂಡುಣಿಸಿನಲ್ಲಿ ಉಣ್ಣೋಕೂ ಏನೂ ಇಲ್ಲ, ಬಡಿಸೋರೂ ಇಲ್ಲ.

ಕರಡು:

ಗಂಟೆ ಎಂಟಾಯಿತು. ತಲೆಬರಹ, ದಯವಿಟ್ಟು.

ಪೀಠದ ಹುಡುಗ:

ನಾಮಪದ ಹುಡುಕುತ್ತಾ ಕೂತರೆ ಸಿಗುವುದಿಲ್ಲ ಮೇಡಂ. ಎಡವಟ್ಟಾಗಿರುವುದು ಕ್ರಿಯಾಪದದಲ್ಲಿ.

ಒಂದು ಗಮನಿಸಿ. ಚರ್ಚಿನ ಕನ್ನಡದಲ್ಲಿ ಪ್ರಸಾದವನ್ನು ಯಾರೂ ತಿನ್ನುವುದಿಲ್ಲ. ‘ಸ್ವೀಕರಿಸುತ್ತೇವೆ’. ಅರ್ಜಿ ಸ್ವೀಕರಿಸುತ್ತಾರೆ, ಪ್ರಶಸ್ತಿ ಸ್ವೀಕರಿಸುತ್ತಾರೆ, ಹಾಗೇ ಇದನ್ನೂ. ಮರ್ಯಾದೆಯ ಪದ, ಸರಿ. ಆದರೆ ಆ ಪದಕ್ಕೆ ಬಾಯಿಯೇ ಇಲ್ಲ, ಅಲ್ವಾ? ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿ, ಯೇಸು ತನ್ನ ಮಾಂಸ ತಿನ್ನಬೇಕು ಅನ್ನುವ ಕಡೆ, ಹೀಗಿಲ್ಲ. ಅಲ್ಲಿ 54ನೇ ವಚನಕ್ಕೆ ಬಂದಾಗ ಗ್ರೀಕಿನ ಕ್ರಿಯಾಪದವೇ ಬದಲಾಗುತ್ತದೆ. ಅಲ್ಲಿಯವರೆಗೆ ತಿನ್ನು ಅನ್ನುವುದಕ್ಕಿದ್ದ ಸಾಮಾನ್ಯ ಪದ ಬಿಟ್ಟು ‘ತ್ರೋಗೋ’ ಬರುತ್ತದೆ. ಅದು ಅಗಿಯುವ, ಜಗಿಯುವ ಪದ. ಕೇಳುತ್ತಿದ್ದವರಿಗೆ ಇದು ಕಷ್ಟದ ಮಾತು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ಹತ್ತು ವರ್ಷ ಪೀಠದ ಪಕ್ಕ ಮಂಡಿಯೂರಿ ಗಂಟೆ ಹೊಡೆದವನು. ಅದಕ್ಕೇ ಇಲ್ಲಿ ಈ ಹೆಸರು. ಗುರುಗಳು ದೊಡ್ಡ ಅಪ್ಪವನ್ನು, ಅಂದರೆ ಪೂಜೆಯ ತೆಳು ರೊಟ್ಟಿಯನ್ನು, ಎರಡು ಕೈಯಲ್ಲಿ ಹಿಡಿದು ಮುರಿಯುವಾಗ ಒಣ ಕಡ್ಡಿ ಮುರಿದ ಹಾಗೆ ಟಕ್ ಅನ್ನುತ್ತದೆ. ಹಿಂದಿನ ಸಾಲಿನವರಿಗೆ ಕೇಳಿಸದು, ನನಗೆ ಕೇಳಿಸುತ್ತಿತ್ತು. ನಾಲಿಗೆಯ ಮೇಲೆ ಇಟ್ಟರೆ ಮೊದಲು ರುಚಿಯೇ ಇಲ್ಲ. ಬರೀ ಗೋಧಿ ಹಿಟ್ಟು, ನೀರು. ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಒಂದು ಗಳಿಗೆಗೆ ಅದು ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಬೆರಳು ಹಾಕಿ ಬಿಡಿಸುವ ಹಾಗಿಲ್ಲ. ಹಲ್ಲು ತಾಗಿಸಬಾರದು ಅಂತ ಬೇರೆ ಹೇಳಿಕೊಟ್ಟಿದ್ದರು. ನಾಲಿಗೆಯ ತುದಿಯಿಂದ ಮೆಲ್ಲಗೆ ಬಿಡಿಸುತ್ತಾ ಬಿಡಿಸುತ್ತಾ ಮೊದಲ ಪ್ರಾರ್ಥನೆ ಪೂರ್ತಿ ಮುಗಿದುಹೋಗುತ್ತಿತ್ತು. ಇದನ್ನೆಲ್ಲ ‘ಸ್ವೀಕರಿಸಿದೆ’ ಅಂತ ಒಂದು ಪದದಲ್ಲಿ ಬರೆದರೆ ಏನುಳಿಯಿತು?

ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಮೈಗೆ ಗೊತ್ತಾಗುವುದೇ ಬೇರೆ. ಅಲ್ಲಿ ಹುದುಗು ಬಂದ ರೊಟ್ಟಿ. ಅವರಲ್ಲಿ ಗ್ರೀಕ್ ಮೂಲದ ಬಿಜಾಂಟಿಯಮ್ ಪದ್ಧತಿಯವರು ಕೊಡುವ ಮುಂಚೆ ಪಾತ್ರೆಗೆ ಬಿಸಿನೀರು ಹೊಯ್ಯುತ್ತಾರೆ. ರೊಟ್ಟಿ ದ್ರಾಕ್ಷಾರಸದಲ್ಲಿ ನೆನೆದು ಚಮಚದಲ್ಲಿ ಬೆಚ್ಚಗೆ ಬಾಯಿಗೆ ಬರುತ್ತದೆ. ಇನ್ನು ಪ್ರೊಟೆಸ್ಟಂಟರಲ್ಲಿ ಹಲವೆಡೆ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಲೋಟ. ಎಲ್ಲರೂ ಕುಡಿದು ತಟ್ಟೆಗೆ ಇಡುವಾಗ ಚಿಟಿಚಿಟಿ ಸದ್ದು. ಕಿವಿಯ ಪುಟಕ್ಕೆ ಇದನ್ನು ಹಾಕಿದ್ದೀರಾ?

ನನ್ನ ಸಲಹೆ. ಕನ್ನಡದಲ್ಲಿ ‘ಅನುಭವ’ ಅಂತ ಪ್ರತ್ಯೇಕ ಪದವೇ ಬೇಡ. ಕ್ರಿಯಾಪದಕ್ಕೆ ‘ನೋಡು’ ಹಚ್ಚಿದರೆ ಸಾಕು. ಮುಟ್ಟಿ ನೋಡು. ಮೂಸಿ ನೋಡು. ಸವಿದು ನೋಡು. ಕೈ, ಮೂಗು, ನಾಲಿಗೆ ಎಲ್ಲವೂ ನಮ್ಮಲ್ಲಿ ನೋಡುತ್ತವೆ. ಸಾರಿಗೆ ಉಪ್ಪು ಸಾಕಾ ಅಂತ ಕೇಳಿದರೆ ನಾಲಿಗೆಗೆ ಹಚ್ಚಿ ‘ನೋಡುತ್ತೇವೆ’ ತಾನೇ? ಬೈಬಲಿನ ಕೀರ್ತನೆ 34ರಲ್ಲೂ ಸವಿಯುವುದು, ನೋಡುವುದು ಎರಡೂ ಜೊತೆಗಿವೆ. ‘ಸವಿದು ನೋಡಿ’ ಅಂತ ಹಾಕಿ ಮಲಗಿ.

ಅಡಿಟಿಪ್ಪಣಿ:

‘ನೋಡು’ ಕನ್ನಡದ ಸ್ವಂತ ಆಸ್ತಿ ಅಂತ ಬೀಗಬೇಡಿ. ಹಳೆಯ ಕಾಲದ ಕ್ರೈಸ್ತ ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯ ಹತ್ತನೇ ಭಾಗದಲ್ಲಿ ಲ್ಯಾಟಿನ್ ಬಗ್ಗೆ ಇದನ್ನೇ ಹೇಳುತ್ತಾನೆ. ನೋಡುವುದು ಕಣ್ಣಿನ ಕೆಲಸ, ಆದರೂ ಹೇಗೆ ಕೇಳಿಸುತ್ತದೆ ನೋಡು, ಹೇಗೆ ವಾಸನೆ ಬರುತ್ತದೆ ನೋಡು, ಹೇಗೆ ರುಚಿಸುತ್ತದೆ ನೋಡು, ಎಷ್ಟು ಗಟ್ಟಿಯಿದೆ ನೋಡು ಅನ್ನುತ್ತೇವೆ ಅಂತ.

ಕೀರ್ತನೆ 34ರ ವಿಷಯ ಒಳ್ಳೆಯದು. ನಾಲ್ಕನೇ ಶತಮಾನದ ಜೆರುಸಲೇಮಿನಲ್ಲಿ ಪ್ರಸಾದ ಕೊಡುವಾಗ ಹಾಡುತ್ತಿದ್ದದ್ದು ಅದನ್ನೇ. ಗ್ರೀಕಿನಲ್ಲಿ ‘ಕರ್ತನು ಖ್ರೇಸ್ತೊಸ್’, ಅಂದರೆ ಒಳ್ಳೆಯವನು. ಆ ಕಾಲದ ಉಚ್ಚಾರದಲ್ಲಿ ಅದಕ್ಕೂ ಕ್ರಿಸ್ತ ಅನ್ನುವ ‘ಖ್ರಿಸ್ತೊಸ್’ಗೂ ಕಿವಿಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಕನ್ನಡಕ್ಕೆ ಈ ಆಟ ಬಾರದು, ಬಿಡಿ. ಜೆರುಸಲೇಮಿನ ಬಿಷಪ್ ಸಿರಿಲ್‌ನ ಹೆಸರಲ್ಲಿ ಉಳಿದಿರುವ ಆ ಊರಿನ ಉಪದೇಶದಲ್ಲಿ ಕೈ ಹೇಗೆ ಒಡ್ಡಬೇಕು ಅಂತಲೂ ಇದೆ. ಬಲಗೈಗೆ ಎಡಗೈಯನ್ನು ಸಿಂಹಾಸನ ಮಾಡು, ಅಂಗೈಯನ್ನು ಗುಳಿ ಮಾಡು, ಒಂದು ಚೂರೂ ಬೀಳದಂತೆ ನೋಡಿಕೋ. ಬಾಯಿಗೆ ಹಾಕುವ ಮುಂಚೆ ಕಣ್ಣಿಗೆ ಒತ್ತಿಕೋ. ಕುಡಿದ ಮೇಲೆ ತುಟಿಯ ಪಸೆ ಆರುವ ಮುಂಚೆ ಬೆರಳಿನಿಂದ ತೆಗೆದು ಕಣ್ಣಿಗೆ, ಹಣೆಗೆ ಹಚ್ಚಿಕೋ. ಕೈಯ ಪುಟಕ್ಕೆ ಇಷ್ಟು ಸಾಕಲ್ಲವೇ?

ಆದರೆ ಅದೇ ಉಪದೇಶ ಬಾಯಿಯ ರುಚಿಯ ತೀರ್ಪನ್ನು ನಂಬಬೇಡ, ನಂಬಿಕೆಯ ತೀರ್ಪನ್ನು ನಂಬು ಅಂತಲೂ ಹೇಳುತ್ತದೆ. ಹದಿಮೂರನೇ ಶತಮಾನದ ಕಥೋಲಿಕ ಪಂಡಿತ ಥಾಮಸ್ ಅಕ್ವಿನಾಸ್ ಹೆಸರಿನ ಸ್ತೋತ್ರ ಇನ್ನೂ ಖಡಾಖಂಡಿತ: ನೋಟ, ಸ್ಪರ್ಶ, ರುಚಿ ಮೂರೂ ನಿನ್ನ ವಿಷಯದಲ್ಲಿ ಮೋಸಹೋಗುತ್ತವೆ, ನೆಚ್ಚಬಹುದಾದದ್ದು ಕೇಳಿದ್ದನ್ನು ಮಾತ್ರ. ನಿಮ್ಮ ಪುಸ್ತಿಕೆ ಐದಕ್ಕೂ ಒಂದೇ ತೂಕ ಕೊಟ್ಟಿದ್ದರೆ ಯಾರಾದರೂ ಈ ಸಾಲು ಎತ್ತಿಕೊಂಡು ಬಂದೇ ಬರುತ್ತಾರೆ.

ಅಚ್ಚಗನ್ನಡ:

‘ಸವಿದು ನೋಡಿ’ ಒಪ್ಪಿದೆ. ‘ಸ್ವೀಕರಿಸು’ ಬಗ್ಗೆ ಹುಡುಗ ಹೇಳಿದ್ದೂ ಒಪ್ಪಿದೆ. ಇಷ್ಟು ಹೊತ್ತು ನಾನು ಹೇಳುತ್ತಿದ್ದದ್ದೂ ಅದೇ ಅಲ್ಲವೇ. ಸಂಸ್ಕೃತ ಬಂದರೆ ಮೈ ಮಾಯವಾಗುತ್ತದೆ.

ಪೀಠದ ಹುಡುಗ:

ಮೈ ಮಾಯ ಮಾಡಿದ್ದು ಸಂಸ್ಕೃತ ಅಲ್ಲ, ಮರ್ಯಾದೆ. ‘ತೆಗೆದುಕೊಂಡೆ’ ಅನ್ನೋದು ಅಚ್ಚಗನ್ನಡವೇ. ಅದಕ್ಕೂ ಬಾಯಿ ಇಲ್ಲ.

ಅಚ್ಚಗನ್ನಡ:

ಉತ್ತರಿಸುವಷ್ಟು ಇದರಲ್ಲಿ ಏನೂ ಇಲ್ಲ.

ಕರಡು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಖಪುಟಕ್ಕೆ ದೊಡ್ಡದಾಗಿ ‘ಸವಿದು ನೋಡಿ’. ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಪರಮಪ್ರಸಾದ, ಕರ್ತನ ಭೋಜನ’ ಎರಡೂ ಇವೆ. ಯಾವುದು ಮೊದಲು ಅಂತ ಜಗಳ ಬಂದರೆ ಅಕಾರಾದಿ ಅಂತ ಹೇಳಲೂ ಆಗುವುದಿಲ್ಲ, ‘ಕ’ ಮೊದಲು ಬರುತ್ತದೆ. ಇರಲಿ.

ಒಳಪುಟಗಳಲ್ಲಿ ಎರಡು ಕಡೆ ಸಿಕ್ಕಿಹಾಕಿಕೊಂಡೆ. ಕಿವಿಯ ಪುಟಕ್ಕೆ ‘ಕೇಳಿ ನೋಡಿ’ ಅಂತ ಹಾಕಿದರೆ ಯಾರನ್ನೋ ವಿಚಾರಿಸಿ ಅಂದ ಹಾಗೆ ಆಗುತ್ತದೆ. ಅದಕ್ಕೇ ‘ಕಿವಿಗೊಟ್ಟು ಕೇಳಿ’ ಮಾಡಿದೆ. ಆಗ ಗಮನಕ್ಕೆ ಬಂತು, ‘ನೋಡು’ ಹಿಡಿಸದೆ ಉಳಿದದ್ದು ಕಿವಿ ಒಂದೇ. ಅಕ್ವಿನಾಸ್ ನಂಬಿದ್ದೂ ಅದನ್ನೇ. ಆ ಸಾಲನ್ನು ಅದೇ ಪುಟಕ್ಕೆ ಸೇರಿಸಿದ್ದೇನೆ, ಯಾರಾದರೂ ಎತ್ತಿಕೊಂಡು ಬರುವ ಮುಂಚೆ. ಕಣ್ಣಿಗೆ ‘ಕಣ್ತುಂಬ ನೋಡಿ’, ಕೈಗೆ ‘ಮುಟ್ಟಿ ನೋಡಿ’. ಮೂಗಿಗೆ ‘ಮೂಸಿ ನೋಡಿ’ ಹಾಕಿದ್ದೆ. ಮೂಸೋದು ನಾಯಿ ಅಂದರು ಮನೆಯಲ್ಲಿ. ‘ವಾಸನೆ ನೋಡಿ’ ಅಂತ ಬದಲಾಯಿಸಿದೆ.

ಅಚ್ಚಗನ್ನಡ:

ವಾಸನೆ ಸಂಸ್ಕೃತ. ಕಂಪು ಅನ್ನಿ.

ಕರಡು:

ಕಳಿಸಿ ಆಯಿತು.